ಎಡಕ್ಕೆ ತೆರೆಯುವ ಬಂದೂಕು

ನಾನು ಮಾಡುತ್ತಿದ್ದ ಕೆಲಸ ಏನು ಎಂಬುದು ನಮ್ಮತ್ತೆಗೆ ಕೊನೆಗೂ ಸರಿಯಾಗಿ ಅರ್ಥವಾಗಲಿಲ್ಲ. ಧಾರವಾಡದ ಕಡೆಯ ಹೆಂಗಸು. ಮತ್ತಿಕೆರೆಯ ನಮ್ಮ ಮನೆಗೆ ಬಂದು ಇರತೊಡಗಿದ ಮೇಲೆ, ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಮುಂಚೆಯೇ ಒಳಗಿನಿಂದ ಕೇಳುತ್ತಿದ್ದರು: “ಏನವಾ ಸರೋಜಾ, ಇವತ್ತ ಯಾರನ್ನ ಹೊಡದ ಬಂದಿ?”

“ಯಾರನ್ನೂ ಇಲ್ರೀ ಅತ್ತಿ. ಬರೇ ಬಂದೂಕ ನೋಡಿ ಬಂದೆ.”

“ಬರೇ ನೋಡಾಕ ಪಗಾರ ಕೊಡ್ತಾರ?”

ಕೊಡುತ್ತಿದ್ದರು. ಪೊಲೀಸರು ಎಲ್ಲೆಲ್ಲೋ ಹಿಡಿದ ಬಂದೂಕುಗಳನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ ನಮ್ಮ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಅದು ಯಾವ ಕಾಲದ್ದು, ಯಾರು ಮಾಡಿದ್ದು, ಗುಂಡು ಹಾರುತ್ತದೆಯೇ ಇಲ್ಲವೇ ಎಂದು ನೋಡಿ ಬರೆದುಕೊಡುವುದು ಆಯುಧ ವಿಭಾಗದ ನಮ್ಮ ಕೆಲಸ. ಈಚೆಗೆ ಆ ವಿಭಾಗಕ್ಕೆ ಸೇರಿದ ಕೆಲವು ಹುಡುಗ ಹುಡುಗಿಯರು ಮನೆಗೆ ಬಂದು, “ಮೇಡಂ, ನಿಮ್ ಅನುಭವ ಬರೆದುಕೊಡಿ, ನಮಗೆ ಹೆಲ್ಪ್ ಆಗುತ್ತೆ” ಎಂದರು. ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಯಾಕೆ ಬರಲಿಲ್ಲ ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಆ ವಿಷಯ ತೆಗೆದರೆ ಈಗಲೂ ನನಗೆ ಬಿಪಿ ಏರುತ್ತದೆ.

ನನಗೆ ಹುಚ್ಚು ಹಿಡಿಸಿದ್ದು ಒಂದೇ ಜಾತಿಯ ಬಂದೂಕು. ಅದನ್ನು ಪರಿಚಯಿಸಿದವರು ನನ್ನ ಮೊದಲ ಮೇಲಧಿಕಾರಿ ಗೋಪಿನಾಥ್ ಸರ್. ನಶ್ಯ ಹಾಕುವ ಮನುಷ್ಯ. ನಾನು ಸೇರಿದ ವಾರದಲ್ಲೇ ಒಂದು ಉದ್ದನೆಯ ಸೈನ್ಯದ ಬಂದೂಕನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ತಮ್ಮ ನಶ್ಯದ ಡಬ್ಬಿ ಇಟ್ಟರು. “ಹಳೇ ಕಾಲದಲ್ಲಿ ಸಿಪಾಯಿ ಬಂದೂಕಿನ ಬಾಯಿಂದ ಮದ್ದು ಸುರೀಬೇಕಿತ್ತು, ಗುಂಡು ಹಾಕಬೇಕಿತ್ತು, ಸಲಾಕೆ ತಗೊಂಡು ಜಡೀಬೇಕಿತ್ತು. ಅಷ್ಟೊತ್ತಿಗೆ ಎದುರಿನವನು ಊಟ ಮಾಡಿ ಬರ್ತಿದ್ದ. ಆಮೇಲೆ ಹಿಂದಿನಿಂದ ತೋಟಾ ತುಂಬೋ ಬಂದೂಕು ಬಂತು. ಆದ್ರೆ ಉಗ್ರಾಣದ ತುಂಬಾ ಹಳೇದೇ ಬಿದ್ದಿದೆಯಲ್ಲಮ್ಮ, ಏನ್ ಮಾಡೋದು? ಬ್ರಿಟಿಷರು ಹಳೇ ಬಂದೂಕಿನ ಹಿಂಭಾಗದಲ್ಲಿ ಒಂದು ತುಂಡು ಕತ್ತರಿಸಿ, ಅಲ್ಲಿಗೆ ಹಿಂಗೆ ಒಂದು ಮುಚ್ಚಳ ಕೂರಿಸಿದ್ರು” ಎನ್ನುತ್ತಾ ಡಬ್ಬಿಯ ಮುಚ್ಚಳವನ್ನು ಪಕ್ಕಕ್ಕೆ ತೆರೆದರು. “ಇದೇ ಸ್ನೈಡರ್. ಫ್ರೆಂಚರು ತಮ್ಮ ಇಂಥ ಬಂದೂಕಿಗೆ ನಶ್ಯದ ಡಬ್ಬಿ ಅಂತಲೇ ಹೆಸರಿಟ್ಟಿದ್ರು.” ಅಷ್ಟು ಹೇಳಿ ಒಂದು ಚಿಟಿಕೆ ಏರಿಸಿ, ಬಂದೂಕಿನ ಮೇಲೆಯೇ ಸೀನಿದರು.

ಅಣ್ಣನ ಪ್ಯಾಂಟನ್ನು ತಮ್ಮನಿಗೆ ಆಲ್ಟರ್ ಮಾಡಿಸಿದ ಹಾಗೆ ಇದು. ಬಟ್ಟೆ ಹಳೆಯದು, ಹೊಲಿಗೆ ಹೊಸದು. ನಾವು ನೋಡಬೇಕಾದದ್ದು ಆ ಹೊಲಿಗೆಯನ್ನು. ಇಂಥ ಬಂದೂಕಿಗೆ ಎರಡು ಹುಟ್ಟುಹಬ್ಬ ಎನ್ನುತ್ತಿದ್ದರು ಗೋಪಿನಾಥ್ ಸರ್. ನಳಿಗೆ ಹುಟ್ಟಿದ್ದು ಒಂದು ದಿನ, ಮುಚ್ಚಳ ಹುಟ್ಟಿದ್ದು ಇನ್ನೊಂದು ದಿನ. ಎರಡನ್ನೂ ಹುಡುಕದೆ ವರದಿ ಬರೆಯಬಾರದು. ಅವರ ಇನ್ನೊಂದು ನಿಯಮ, ಬಂದೂಕು ನೋಡಿ ಮುಗಿಸುವ ತನಕ ಅದರ ಒಡೆಯನ ಮುಖವನ್ನಾಗಲಿ ಅವನ ಮನೆಯವರ ಮುಖವನ್ನಾಗಲಿ ನೋಡಬಾರದು ಎಂಬುದು. ಮೊದಲನೆಯದನ್ನು ನಾನು ಕೊನೆಯವರೆಗೆ ಪಾಲಿಸಿದೆ. ಎರಡನೆಯದು ಒಮ್ಮೆ ಕೈಕೊಟ್ಟಿತು, ಅದನ್ನು ಮುಂದೆ ಹೇಳುತ್ತೇನೆ.

ಆಗ ನಮ್ಮಲ್ಲಿ ಹೋಲಿಸಿ ನೋಡಲು ಮಾದರಿಗಳೇ ಇರಲಿಲ್ಲ. ಪುಸ್ತಕದ ಚಿತ್ರ ನೋಡಿ ಬಂದೂಕು ಗುರುತಿಸುವುದೆಂದರೆ ಜಾತಕದ ಫೋಟೊ ನೋಡಿ ಹುಡುಗನ ಸ್ವಭಾವ ಹೇಳಿದಂತೆ. ಜಪ್ತಿಯಾಗಿ ಕೇಸು ಮುಗಿದ ಹಳೆಯ ಬಂದೂಕುಗಳನ್ನು ಪೊಲೀಸ್ ಉಗ್ರಾಣಗಳು ಆಗಾಗ ಕರಗಿಸಲು ಕಳಿಸುತ್ತವೆ ಎಂದು ಗೊತ್ತಾಯಿತು. ಅಪ್ಪಣೆ ಪತ್ರ ಹಿಡಿದು ನಾನು ಉಗ್ರಾಣದಿಂದ ಉಗ್ರಾಣಕ್ಕೆ ಅಲೆಯತೊಡಗಿದೆ. ಕಬ್ಬಿಣದ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಸೀರೆಗೆಲ್ಲ ತುಕ್ಕು ಮೆತ್ತಿಸಿಕೊಂಡು, ಸೊಪ್ಪಿನ ಗುಡ್ಡೆಯಲ್ಲಿ ಎಳೆಯ ಕಟ್ಟು ಆರಿಸುವ ಹಾಗೆ ಆರಿಸುತ್ತಿದ್ದೆ. ಉಗ್ರಾಣದ ಪೇದೆಗಳು ನನ್ನನ್ನು ನೋಡಿದರೆ, “ಬಂದ್ರು ನೋಡಪ್ಪ ಗುಜರಿ ಮೇಡಂ” ಎನ್ನುತ್ತಿದ್ದರು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಅವರ ಕೈಲೇ ಟೀ ತರಿಸಿಕೊಂಡು ಕುಡಿಯುತ್ತಿದ್ದೆ.

ಹಾಗೆ ಸಿಕ್ಕ ಒಂದು ಒಳ್ಳೆಯ ಸ್ನೈಡರನ್ನು ಯಲಹಂಕದ ಕಡೆಯಿಂದ ತರುವಾಗ ನಮ್ಮ ಇಲಾಖೆಯ ವ್ಯಾನು ಹೆಬ್ಬಾಳದ ಫ್ಲೈಓವರ್ ಕೆಳಗೆ ಹೊಗೆ ಕಾರಿ ನಿಂತಿತು. ಮಫ್ತಿಯಲ್ಲಿದ್ದ ಪೇದೆಯೂ ನಾನೂ ಬೆಡ್‌ಶೀಟಿನಲ್ಲಿ ಸುತ್ತಿದ ಬಂದೂಕು ಹಿಡಿದು ಆಟೋ ಹತ್ತಿದೆವು. ಡ್ರೈವರ್ ಕನ್ನಡಿಯಲ್ಲಿ ನೋಡಿ, “ಏನ್ ಮೇಡಂ ಅದು, ಕರ್ಟನ್ ರಾಡಾ?” ಎಂದ.

“ಹೂಂ.”

“ಹಳೇದು ಇದ್ದಂಗಿದೆ. ಯಶವಂತಪುರದಲ್ಲಿ ನಮ್ ಭಾವನ ಅಂಗಡಿ ಇದೆ ಮೇಡಂ, ಹೊಸದೇ ಕೊಡಿಸ್ತಿದ್ದೆ. ಸ್ಟೀಲು, ತುಕ್ಕೇ ಹಿಡಿಯಲ್ಲ.” ಅಷ್ಟರಲ್ಲಿ ಒಂದು ಗುಂಡಿಗೆ ಆಟೋ ಎಗರಿ ಬೆಡ್‌ಶೀಟು ಜಾರಿತು. ನಳಿಗೆಯ ಬಾಯಿ ನೇರ ಅವನ ಬೆನ್ನಿನ ಕಡೆ. ಆಮೇಲೆ ಅವನು ಭಾವನ ವಿಷಯ ಎತ್ತಲೇ ಇಲ್ಲ. ಬೆಂಗಳೂರಿನಲ್ಲಿ ಮೀಟರಿನ ಮೇಲೆ ಒಂದು ಪೈಸೆ ಹೆಚ್ಚು ಕೇಳದ ಆಟೋ ನನಗೆ ಸಿಕ್ಕಿದ್ದು ಅದೊಂದೇ.

ಕಪಾಟು ನಿಧಾನಕ್ಕೆ ತುಂಬಿತು. ಆಗ ಬಂದರು ನಮ್ಮ ಎರಡನೆಯ ಸಾಹೇಬರು. ಒಳ್ಳೆಯ ಮನುಷ್ಯ, ಆದರೆ ಸ್ವಚ್ಛತೆಯ ರೋಗ. ನಾನು ತಂಗಿಯ ಮದುವೆಗೆಂದು ಧಾರವಾಡಕ್ಕೆ ಹೋಗಿದ್ದಾಗ ದೊಡ್ಡ ಅಧಿಕಾರಿಗಳು ತಪಾಸಣೆಗೆ ಬರುವ ಸುದ್ದಿ ಬಂತಂತೆ. ಸಾಹೇಬರು ಆಫೀಸಿನ ಗೇಟಿಗೆ ಬಣ್ಣ ಬಳಿಯುತ್ತಿದ್ದವನನ್ನೇ ಒಳಗೆ ಕರೆದು, “ಫಳಫಳ ಅನ್ನಬೇಕು” ಎಂದು ನನ್ನ ಕಪಾಟು ತೋರಿಸಿದರು. ನಾನು ಬರುವ ಹೊತ್ತಿಗೆ ಅಷ್ಟೂ ಬಂದೂಕುಗಳಿಗೆ ಉಪ್ಪುಕಾಗದ ಹಾಕಿ ತಿಕ್ಕಿ, ಕಟ್ಟಿಗೆಗೆ ವಾರ್ನಿಶ್, ನಳಿಗೆಗೆ ಬೆಳ್ಳಿ ಬಣ್ಣ ಬಳಿದಾಗಿತ್ತು. ಮುದ್ರೆಗಳು, ಅಂಕಿಗಳು, ತಯಾರಕರ ಗುರುತುಗಳು ಎಲ್ಲ ಮಂಗಮಾಯ. ನನ್ನ ಬಂದೂಕುಗಳು ಮದುವೆ ಬ್ಯಾಂಡಿನವರ ವಾದ್ಯಗಳ ಹಾಗೆ ಸಾಲಾಗಿ ನಿಂತಿದ್ದವು.

ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ಹೊರಗೆ ಬಂದು ಸಾಹೇಬರ ಮೇಲೆ ಕೂಗಾಡಿದೆ. ಬಡ್ತಿಯ ವಿಷಯ ಬರೆಯುವುದಿಲ್ಲ ಎಂದೆನಲ್ಲ, ಅದರ ಕಾರಣ ಅಲ್ಲೇ ಇದೆ. ಗೋಪಿನಾಥ್ ಸರ್ ಆಗ ಈ ಸಾಹೇಬರಿಗೆ ಕುರ್ಚಿ ಬಿಟ್ಟುಕೊಟ್ಟು ನಿವೃತ್ತಿಯ ಅಂಚಿನಲ್ಲಿದ್ದರು. “ಅಳಬೇಡಮ್ಮ. ಬಣ್ಣ ಬಳಿಯೋನು ಎಲ್ಲೆಲ್ಲಿ ಸೋಮಾರಿತನ ಮಾಡಿದಾನೆ ನೋಡು” ಎಂದರು. ನಿಜ. ನಳಿಗೆ ಬಿಚ್ಚಿ ತಿರುಗಿಸಿದರೆ, ಕಟ್ಟಿಗೆಗೆ ಅಂಟಿಕೊಂಡಿರುವ ಅಡಿಭಾಗವನ್ನು ಅವನು ಮುಟ್ಟಿರಲೇ ಇಲ್ಲ. ಮುಚ್ಚಳದ ಕೀಲಿನ ಕೆಳಗೂ ಮುದ್ರೆಗಳು ಹಾಗೇ ಇದ್ದವು. ಆವತ್ತಿನಿಂದ ನಾನು ಯಾವ ಬಂದೂಕು ಬಂದರೂ ಮೊದಲು ನೋಡುವುದು ಯಾರ ಕೈಯೂ ಹೋಗದ ಜಾಗವನ್ನು. ಹೊಸಬರೇ, ಈ ಬರಹದಲ್ಲಿ ನಿಮಗೆ ಬೇರೇನೂ ಬೇಡವೆನಿಸಿದರೆ ಇದನ್ನೊಂದು ಇಟ್ಟುಕೊಳ್ಳಿ. ಕೊಳೆಯನ್ನು ಒರೆಸುವ ಮುಂಚೆ ಓದಿ. ಒರೆಸಿದ ಮೇಲೆ ಯಾರ ಅಪ್ಪಣೆ ಪತ್ರಕ್ಕೂ ಅದು ವಾಪಸು ಬರುವುದಿಲ್ಲ.

ಮನೆಯಲ್ಲಿ ಬಂದೂಕು ಇಟ್ಟುಕೊಂಡವರ ಕಥೆಗಳೂ ಕಡಿಮೆಯಿಲ್ಲ. ಆರ್.ಟಿ. ನಗರದ ಹಿರಿಯರೊಬ್ಬರು ಪೊಲೀಸರ ಮೂಲಕ ತಮ್ಮ ಬಂದೂಕನ್ನು ತಪಾಸಣೆಗೆ ಕೊಟ್ಟು, ನಾನು ನೋಡಿ ಮುಗಿಸಿದ ಮೇಲೆ ತಾವೂ ಬಂದರು. ಬಂದೂಕಿನ ಪಕ್ಕದ ತಗಡಿನ ಮೇಲೆ ಕಿರೀಟ, ಅದರ ಕೆಳಗೆ ವಿ.ಆರ್. ಎಂಬ ಇಂಗ್ಲಿಷ್ ಅಕ್ಷರ. “ನಮ್ಮ ತಾತ ವೆಂಕಟರಾಯರು. ಅವರ ಇನಿಷಿಯಲ್ಸ್” ಎಂದರು ಹೆಮ್ಮೆಯಿಂದ. ಅದು ಇಂಗ್ಲೆಂಡಿನ ರಾಣಿಯ ಮುದ್ರೆ, ಇಂಥವು ಲಕ್ಷಾಂತರ ಬಂದೂಕುಗಳ ಮೇಲಿವೆ ಎಂದು ಮೆತ್ತಗೆ ಹೇಳಿದೆ. ಅವರು ಒಪ್ಪಲಿಲ್ಲ. “ಹಾಗಿದ್ರೆ ಕಿರೀಟ ಯಾಕೆ ಸರ್?” ಎಂದೆ. “ಶಾನುಭೋಗರಾಗಿದ್ರು ಕಣ್ರೀ!” ಎಂದರು.

ನಾನು ಸೇರಿದಾಗ ಭೂತಗನ್ನಡಿ, ಟಾರ್ಚು, ಸೀಮೆಸುಣ್ಣದ ಪುಡಿ ಇಷ್ಟೇ ನಮ್ಮ ಸಲಕರಣೆ. ಅಳಿಸಿದ ಅಕ್ಷರದ ಮೇಲೆ ಸುಣ್ಣದ ಪುಡಿ ಉಜ್ಜಿ ಉಸಿರು ಬಿಗಿಹಿಡಿದು ಓದುತ್ತಿದ್ದೆವು. ಆಮೇಲೆ ದೊಡ್ಡ ಸೂಕ್ಷ್ಮದರ್ಶಕ ಬಂತು, ಲೋಹ ಪರೀಕ್ಷಿಸುವ ಯಂತ್ರ ಬಂತು, ಕೊನೆಗೆ ವಾಟ್ಸಾಪ್ ಬಂತು. ಇದರಲ್ಲಿ ಹೆಚ್ಚು ತೊಂದರೆ ಕೊಟ್ಟದ್ದು ವಾಟ್ಸಾಪ್. ನಾನು ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಾಗ ಯಾವುದೋ ಠಾಣೆಯಿಂದ ಮಸುಕು ಮಸುಕಾದ ಒಂದು ಫೋಟೊ, ಕೆಳಗೆ “ಯಾವ ಗನ್ ಮೇಡಂ, ಅರ್ಜೆಂಟ್.” ಫೋಟೊದಲ್ಲಿ ಬಂದೂಕಿಗಿಂತ ಅದನ್ನು ಹಿಡಿದವರ ಹೊಟ್ಟೆಯೇ ದೊಡ್ಡದಾಗಿ ಕಾಣುತ್ತಿರುತ್ತಿತ್ತು.

ಇನ್ನು ಶೆಟ್ಟಿಹಳ್ಳಿಯ ಬಂದೂಕು. ಅದು ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ಬಂತು. ಅದೂ ವಾಟ್ಸಾಪ್ ತಂದಿಟ್ಟ ಫಜೀತಿಯೇ.

ಮಂಜುನಾಥಾಚಾರಿ ಎಂಬವರು ಶೆಟ್ಟಿಹಳ್ಳಿಯಲ್ಲಿ ಗೇಟು, ಕಿಟಕಿ ಗ್ರಿಲ್ಲು ಮಾಡುವ ಅಂಗಡಿ ಇಟ್ಟಿದ್ದರು. ವಂಶಪಾರಂಪರ್ಯವಾಗಿ ಕಮ್ಮಾರಿಕೆ. ಆ ವರ್ಷದ ಆಯುಧ ಪೂಜೆಗೆ ವೆಲ್ಡಿಂಗ್ ಮೆಷಿನ್ನು, ಲೇತು, ಸುತ್ತಿಗೆಗಳ ಜೊತೆ ಮನೆಯ ಹಳೆಯ ಬಂದೂಕನ್ನೂ ಇಟ್ಟು, ಹೂವು ಏರಿಸಿ, ಫೋಟೊ ತೆಗೆದು ಸ್ಟೇಟಸ್ ಹಾಕಿದರು. ಅದನ್ನು ನೋಡಿದ ಯಾರೋ ಪೊಲೀಸರಿಗೆ ಕಳಿಸಿದರು. ಪೊಲೀಸರು ಹೋಗಿ ನೋಡಿದರೆ ಬಂದೂಕೂ ಇದೆ, ಪಕ್ಕದಲ್ಲೇ ಲೇತೂ ಇದೆ. ಮಾರನೆಯ ದಿನ ಟಿವಿಯಲ್ಲಿ “ಗ್ರಿಲ್ ಅಂಗಡಿಯಲ್ಲಿ ಗನ್ ಫ್ಯಾಕ್ಟರಿ?” ಎಂದು ಓಡಿತು. ಮಂಜುನಾಥಾಚಾರಿ ಜೈಲಿಗೆ, ಬಂದೂಕು ನನ್ನ ಮೇಜಿಗೆ.

ಬಿಚ್ಚಿ ನೋಡಿದೆ. ನಳಿಗೆಯೂ ಪಕ್ಕದ ತಗಡೂ ಅಪ್ಪಟ ಹಳೆಯ ಸೈನ್ಯದ್ದು, ಕಿರೀಟದ ಮುದ್ರೆ ಸಮೇತ. ಮೊದಲ ಹುಟ್ಟುಹಬ್ಬ ಸಲೀಸಾಗಿ ಸಿಕ್ಕಿತು. ಮುಚ್ಚಳದ ಕಡೆ ಬಂದಾಗ ಮಾತ್ರ ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ನಾನು ಅದುವರೆಗೆ ನೋಡಿದ ಸ್ನೈಡರುಗಳೆಲ್ಲ ಬಲಕ್ಕೆ ತೆರೆಯುವಂಥವು. ಇದರ ಕೀಲು ಎಡಕ್ಕಿತ್ತು. ಮುಚ್ಚಳದ ಮೇಲೆ ಎಲ್ಲಿಯೂ ಮುದ್ರೆಯಿಲ್ಲ, ಅಂಕಿಯಿಲ್ಲ. ಸರ್ಕಾರಿ ಕಾರ್ಖಾನೆಯಲ್ಲಿ ಮಾಡಿದ್ದಲ್ಲ, ಯಾರೋ ಊರ ಕಮ್ಮಾರ ಕೈಯಲ್ಲಿ ಮಾಡಿದ್ದು. ಕೆಲಸ ಮಾತ್ರ ಎಂಥ ಕೆಲಸ! ಮುಚ್ಚಳ ಮುಚ್ಚಿದರೆ ಸಂದಿನಲ್ಲಿ ಒಂದು ಕೂದಲೂ ತೂರದು.

ನನಗೆ ಖುಷಿಯೂ ಆಯಿತು, ಭಯವೂ ಆಯಿತು. ಕಾನೂನಿಗೆ ಹಳೆಯ ಕಾಲದ ಪೂಜೆಯ ಬಂದೂಕಿಗೂ ನಿನ್ನೆ ಮೊನ್ನೆ ಮಾಡಿದ ನಾಡಬಂದೂಕಿಗೂ ಅಜಗಜಾಂತರ. ಆ ಮುಚ್ಚಳವನ್ನು ಯಾವತ್ತೋ ಸತ್ತುಹೋದ ಮುತ್ತಜ್ಜ ಮಾಡಿದ್ದರೆ ಮಂಜುನಾಥಾಚಾರಿ ಮನೆಗೆ ಹೋಗಬಹುದು. ಅವರೇ ತಮ್ಮ ಲೇತಿನಲ್ಲಿ ಮಾಡಿದ್ದರೆ ವರ್ಷಗಟ್ಟಲೆ ಒಳಗೆ. ಎರಡನೆಯ ಹುಟ್ಟುಹಬ್ಬ ಹೇಳುವವಳು ನಾನು.

ಲೋಹ ಪರೀಕ್ಷೆ ಮಾಡಿಸಿದೆ. ಮುಚ್ಚಳದ ಕಬ್ಬಿಣ ಹಳೆಯ ಕಾಲದ್ದು ಎಂದು ಬಂತು. ಆಗಿನ ನಮ್ಮ ಸಾಹೇಬರು ನಕ್ಕರು. “ಹಳೇ ಕಬ್ಬಿಣ ಅವನ ಗುಜರಿಯಲ್ಲೇ ಬೇಕಾದಷ್ಟು ಬಿದ್ದಿರುತ್ತೆ ಕಣ್ರೀ. ಹಳೇ ಕಬ್ಬಿಣದಲ್ಲಿ ಹೊಸ ಮುಚ್ಚಳ ಮಾಡಕ್ಕಾಗಲ್ವಾ? ನಾಡಬಂದೂಕು, ಹಾರುತ್ತೆ ಅಂತ ಬರೆದು ಕಳಿಸಿ. ಟಿವಿಯವರು ದಿನಾ ಫೋನ್ ಮಾಡ್ತಿದಾರೆ.” ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ.

ಗೋಪಿನಾಥ್ ಸರ್ ಅವರ ಎರಡನೆಯ ನಿಯಮ ಮುರಿದದ್ದು ಆ ಸಂಜೆ. ಗೇಟಿನ ಹೊರಗೆ ಒಬ್ಬ ಹೆಂಗಸು ನಿಂತಿದ್ದಳು. ನಾನು ತಪ್ಪಿಸಿಕೊಂಡು ಹೋಗುವ ಮುಂಚೆಯೇ ಎದುರಿಗೆ ಬಂದಳು. “ಮೇಡಂ, ನಾನು ಗಿರಿಜಾ. ಮಂಜುನಾಥಾಚಾರಿ ನಮ್ಮೆಜಮಾನ್ರು.”

“ನನ್ನ ಹತ್ರ ಮಾತಾಡಬಾರದಮ್ಮ, ಆಮೇಲೆ ನಿಮಗೇ ತೊಂದರೆ ಆಗುತ್ತೆ.”

“ಗೊತ್ತು ಮೇಡಂ. ಏನೂ ಕೇಳಲ್ಲ. ಅಂಗಡಿ ಮುಚ್ಚೈತೆ, ತಣಿಸಂದ್ರದ ಅಪಾರ್ಟ್‌ಮೆಂಟಿನೋರು ಆರ್ಡರ್ ವಾಪಸ್ ತಗೊಂಡ್ರು, ಅದು ಓಗ್ಲಿ. ಸ್ಕೂಲಲ್ಲಿ ನನ್ ಮಗಳನ್ನ ಗನ್ ಮಂಜನ ಮಗಳು ಅಂತಾರೆ ಮೇಡಂ. ಅವಳು ಸ್ಕೂಲಿಗೇ ಓಗಲ್ಲ ಅಂತ ಕೂತವಳೆ.” ಅಷ್ಟು ಹೇಳಿ, ಕೈಮುಗಿದು, ತಾನೇ ಸರಸರ ನಡೆದುಬಿಟ್ಟಳು. ಮುಖ ನೋಡಬಾರದು ಎಂದು ಆ ಪುಣ್ಯಾತ್ಮ ಯಾಕೆ ಹೇಳುತ್ತಿದ್ದರು ಎಂದು ಆಗ ಗೊತ್ತಾಯಿತು.

ಮರುದಿನ ಬಂದೂಕನ್ನು ಮತ್ತೆ ಮೇಜಿಗೆ ತೆಗೆದುಕೊಂಡೆ. ಮುಖ ನೋಡಿದ್ದರಿಂದ ಕಬ್ಬಿಣದ ವಯಸ್ಸು ಬದಲಾಗುವುದಿಲ್ಲ, ನೋಡಿದ್ದನ್ನಷ್ಟೇ ಬರೆಯಬೇಕು ಎಂದು ನನಗೆ ನಾನೇ ಗದರಿಕೊಂಡು ಭೂತಗನ್ನಡಿ ಹಿಡಿದೆ. ಬಂದೂಕಿನ ಮೈತುಂಬ ವರ್ಷಗಳ ಎಣ್ಣೆ, ಹೊಗೆ, ಕುಂಕುಮದ ಜಿಡ್ಡು. ಆದರೆ ಮುಚ್ಚಳದ ಸುತ್ತ ಒಂದು ಪಟ್ಟಿಯಷ್ಟು ಜಾಗ ಬೇರೆಯೇ ಬಣ್ಣ. ಅಲ್ಲಿ ಹೊಗೆಯಿಲ್ಲ, ಧೂಳಿಲ್ಲ, ಅರಿಶಿನದ ಕಲೆ ಮಾತ್ರ. ವರ್ಷಾನುಗಟ್ಟಲೆ ಹಾಕಿದ್ದ ಬಳೆ ತೆಗೆದ ಕೈಯ ಹಾಗೆ ಕಾಣುತ್ತಿತ್ತು.

ಕೇಸಿನ ಕಾಗದಗಳ ಜೊತೆ ಆ ಸ್ಟೇಟಸ್ ಫೋಟೊ ಇತ್ತು. ತೆಗೆದು ನೋಡಿದೆ. ಫೋಟೊದಲ್ಲಿ ಬಂದೂಕಿನ ಅದೇ ಜಾಗದಲ್ಲಿ ಹೂವಿನ ಮರೆಯಲ್ಲಿ ದಪ್ಪನೆಯದೊಂದು ಹಳದಿ ಗಂಟು. ನಾನು ಧಾರವಾಡದವಳಾದರೇನು, ಕಂಕಣ ಗುರುತು ಸಿಗದೇ ಇರುತ್ತದೆಯೇ? ಪೂಜೆಯ ದಿನ ಅರಿಶಿನ ಹಚ್ಚಿ ಕಟ್ಟುವ ದಾರ. ಹಳೆಯದನ್ನು ಬಿಚ್ಚದೆ ಅದರ ಮೇಲೆಯೇ ಹೊಸದು ಕಟ್ಟುತ್ತಾ ಬಂದಿದ್ದರಿಂದ ಅಷ್ಟು ದಪ್ಪ. ಆದರೆ ನನಗೆ ಬಂದ ಬಂದೂಕಿನ ಮೇಲೆ ಒಂದು ಎಳೆಯೂ ಇರಲಿಲ್ಲ. ತಕ್ಷಣ ಠಾಣೆಗೆ ಫೋನು ಮಾಡಿದೆ. ಬಂದೂಕನ್ನು ಮೊದಲು ಕೈಗೆ ತೆಗೆದುಕೊಂಡ ಪೇದೆ ಶಿವಣ್ಣನನ್ನು ಮಾತಿಗೆ ಕೊಟ್ಟರು.

“ಅದರ ಮೇಲೊಂದು ದಾರದ ಗಂಟು ಇತ್ತಲ್ಲ ಶಿವಣ್ಣ, ಏನಾಯ್ತು?”

“ಲೋಡ್ ಆಗೈತಾ ಅಂತ ನೋಡಕ್ಕೆ ಕತ್ತರಿಸಬೇಕಾಯ್ತು ಮೇಡಂ. ಕಲ್ಲಾಗಿತ್ತು, ಬ್ಲೇಡ್ ಮುರೀತು.”

“ಆಮೇಲೆ? ಬಿಸಾಕಿದ್ರಾ?”

ಅವನಿಗೆ ಬೇಜಾರಾಯಿತು. “ಏನ್ ಮೇಡಂ ನೀವು! ಪೂಜೆ ಮಾಡಿರೋ ಕಂಕಣನ ಯಾರಾದ್ರೂ ಕಸದ ಬುಟ್ಟಿಗೆ ಹಾಕ್ತಾರಾ? ನಾನೂ ಮಕ್ಳು ಮರಿ ಇರೋನು. ಠಾಣೆ ಹಿಂದೆ ಅಶ್ವತ್ಥಕಟ್ಟೆ ಐತೆ. ಅಲ್ಲಿ ನಾಗರಕಲ್ಲಿಗೆ ಹಾಕ್ಬುಟ್ಟು ಕೈಮುಗಿದು ಬಂದೆ.”

ಜಪ್ತಿಯ ವಸ್ತುವನ್ನು ದಾಖಲೆಯಿಲ್ಲದೆ ಎಲ್ಲೋ ಇಟ್ಟುಬಂದದ್ದು ದೊಡ್ಡ ತಪ್ಪು. ಆದರೆ ಆವತ್ತು ಅವನು ಎದುರಿಗಿದ್ದಿದ್ದರೆ ತಲೆ ಸವರಿ ಆಶೀರ್ವಾದ ಮಾಡುತ್ತಿದ್ದೆ. ಅವನ ಜಾಗದಲ್ಲಿ ನಮ್ಮ ಎರಡನೆಯ ಸಾಹೇಬರಿದ್ದಿದ್ದರೆ ಅದು ಫಳಫಳ ಎನ್ನುವ ಕಸದ ಬುಟ್ಟಿಗೆ ಹೋಗಿರುತ್ತಿತ್ತು.

ಇನ್‌ಸ್ಪೆಕ್ಟರಿಗೆ ಕಾಗದ ಬರೆದು, ಮಹಜರಿಗೆ ಸಾಕ್ಷಿಗಳನ್ನು ಕರೆಸಿ ಎಲ್ಲರೂ ಅಶ್ವತ್ಥಕಟ್ಟೆಗೆ ಹೋದೆವು. ಒಡೆದ ದೇವರ ಫೋಟೊಗಳು, ಹಳೆಯ ಕ್ಯಾಲೆಂಡರುಗಳ ನಡುವೆ ನಾಗರಕಲ್ಲಿನ ಬುಡದಲ್ಲಿ ನಮ್ಮ ಕಂಕಣ ಇತ್ತು. ಅಷ್ಟರಲ್ಲಿ ಅದಕ್ಕೆ ಯಾರೋ ಹೊಸದಾಗಿ ಕುಂಕುಮವನ್ನೂ ಇಟ್ಟಿದ್ದರು. ಇನ್‌ಸ್ಪೆಕ್ಟರು ಕೈ ಹಾಕಿದ್ದೇ ತಡ, ಕಟ್ಟೆ ಸುತ್ತುತ್ತಿದ್ದ ಅಜ್ಜಿಯೊಬ್ಬರು ನಿಂತರು. “ಏಯ್, ದ್ಯಾವರಿಗೆ ಆಕಿರೋದ್ನ ತೆಗೀತೀಯಲ್ಲಪ್ಪ, ಪೋಲೀಸು ಅಂದ್ರೆ ಏನ್ ಬೇಕಾದ್ರೂ ಮಾಡ್‌ಬೋದಾ? ಚಪ್ಪಲಿ ಬ್ಯಾರೆ!”

ಇನ್‌ಸ್ಪೆಕ್ಟರು ಬೂಟು ಬಿಚ್ಚಿದರು. ಸಾಕ್ಷಿಗಳೂ ಬಿಚ್ಚಿದರು. ನಾನು ಅಜ್ಜಿಗೆ, “ಒಬ್ಬರನ್ನ ಜೈಲಿಂದ ಬಿಡಿಸೋದಕ್ಕೆ ಬೇಕಾಗಬಹುದು ಅಜ್ಜಿ, ದೇವರು ಬೇಡ ಅನ್ನಲ್ಲ” ಎಂದೆ. ಅಜ್ಜಿ ಯೋಚಿಸಿ, “ಅಂಗಾರೆ ಮಂಗಳಾರತಿ ಮಾಡಿ ತಗೊಂಡೋಗಿ” ಎಂದರು. ಮಂಗಳಾರತಿ ಆಯಿತು. ಇನ್‌ಸ್ಪೆಕ್ಟರು ಬರಿಗಾಲಲ್ಲಿ ಮಹಜರು ಬರೆಸಿದರು. ಕರ್ಪೂರದ ವಿಷಯವನ್ನು ಅದರಲ್ಲಿ ಸೇರಿಸಿದ್ದರೋ ಇಲ್ಲವೋ ನಾನು ಕೇಳಲಿಲ್ಲ.

ಪ್ರಯೋಗಾಲಯದಲ್ಲಿ ಅದನ್ನು ದೀಪದ ಕೆಳಗೆ ಹಿಡಿದೆ. ಹೊರಗಿನ ಎಳೆಗಳು ಈಗಿನ ಅಂಗಡಿಯ ದಾರ, ಢಾಳಾದ ಬಣ್ಣ. ಒಳಗೆ ಹೋದ ಹಾಗೆ ಕೈಯಲ್ಲಿ ಹೊಸೆದ ಹತ್ತಿಯ ನೂಲು, ಎಣ್ಣೆಯೂ ಅರಿಶಿನವೂ ಸೇರಿ ಮರದಂತೆ ಗಟ್ಟಿಯಾದ ಪದರಗಳು. ಎಲ್ಲಕ್ಕಿಂತ ಒಳಮೈ ತಿರುಗಿಸಿ ನೋಡಿದೆ. ಅಲ್ಲಿ, ಹಪ್ಪಳದ ಹಿಟ್ಟಿನ ಮೇಲೆ ಬೆರಳೊತ್ತಿದಷ್ಟು ಸ್ಪಷ್ಟವಾಗಿ, ಒಂದು ಕೀಲಿನ ಅಚ್ಚು ಮೂಡಿತ್ತು. ಎಡಗಡೆಯ ಕೀಲು. ಅಂದರೆ ಕಟ್ಟಕಡೆಯ ಒಳಪದರದ ನೂಲು ಕಟ್ಟಿದ ದಿನವೇ ಆ ಮುಚ್ಚಳ ಅಲ್ಲಿತ್ತು. ವರ್ಷಕ್ಕೊಂದರಂತೆ ಪದರ ಎಣಿಸಿದರೆ, ಆ ಕಾಲಕ್ಕೆ ಮಂಜುನಾಥಾಚಾರಿಯಿರಲಿ, ಅವರಪ್ಪನೂ ಹುಟ್ಟಿರಲಾರರು. ನಾನು ಒಬ್ಬಳೇ ಕೂತು ಜೋರಾಗಿ ನಕ್ಕೆ. ಪಕ್ಕದ ಕೋಣೆಯವರು ಬಂದು ಇಣುಕಿ ಹೋದರು.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಬಿಡಲಿಲ್ಲ. ಬೇರೆ ಎಲ್ಲಿಂದಲೋ ತಂದ ದಾರ ಯಾಕಾಗಿರಬಾರದು ಎಂದರು. ನಾನು ಅಪ್ಪಣೆ ಕೇಳಿ, ಬ್ಲೇಡಿನಲ್ಲಿ ಸೀಳಿದ್ದ ಕಂಕಣವನ್ನು ಅಗಲಿಸಿ ಬಂದೂಕಿನ ಮೇಲಿಟ್ಟು ಒತ್ತಿದೆ. ಡಬ್ಬಕ್ಕೆ ಅದರದೇ ಮುಚ್ಚಳ ಕೂರುವ ಹಾಗೆ ಕೂತಿತು. ತಿರುಗಿಸಿ ಇಟ್ಟು ತೋರಿಸಿದೆ, ಕೂರಲಿಲ್ಲ. ನ್ಯಾಯಾಧೀಶರು ಬಂದೂಕನ್ನು ತರಿಸಿಕೊಂಡು ತಾವೇ ಒತ್ತಿ ನೋಡಿದರು.

“ಎಲ್ಲಾ ಬಂದೂಕು ಬಲಕ್ಕೆ ತೆರೆಯುತ್ತೆ ಅಂತೀರಿ. ಇದು ಮಾತ್ರ ಎಡಕ್ಕೆ ಯಾಕೆ?” ವಕೀಲರು ಕೇಳಿದರು.

“ಗೊತ್ತಿಲ್ಲ ಸರ್.”

“ತಜ್ಞರಿಗೇ ಗೊತ್ತಿಲ್ವಾ?”

“ಮಾಡಿದೋರು ಇದ್ದಿದ್ರೆ ಕೇಳಬಹುದಿತ್ತು ಸರ್. ಅವರು ಸತ್ತು ಬಹಳ ಕಾಲ ಆಯ್ತು ಅಂತಷ್ಟೇ ನಾನು ಹೇಳೋದು.” ವರದಿಯಲ್ಲಿಯೂ ‘ಕಾರಣ ತಿಳಿದುಬಂದಿಲ್ಲ’ ಎಂದೇ ಬರೆದಿದ್ದೆ.

ಮಂಜುನಾಥಾಚಾರಿಯ ಬಿಡುಗಡೆಯಾಯಿತು. ಬಳಸುವಂತಿಲ್ಲ, ತೋಟಾ ಇಟ್ಟುಕೊಳ್ಳುವಂತಿಲ್ಲ ಎಂಬ ಷರತ್ತಿನ ಮೇಲೆ ಬಂದೂಕೂ ಅವರ ಮನೆಗೆ ಹೋಯಿತು. ನನ್ನ ಕಪಾಟಿಗೆ ಅದು ಬಂದಿದ್ದರೆ ಎಂಬ ಆಸೆ ನನಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಂಥದ್ದು ಇನ್ನೊಂದು ಎಲ್ಲಿಯೂ ಇರಲಾರದು. ಆ ಸಂಜೆ ಮನೆಗೆ ಬಂದಾಗ ನಮ್ಮತ್ತೆ ಹಾಸಿಗೆಯಿಂದಲೇ ಕೇಳಿದರು: “ಇವತ್ತ ಯಾರನ್ನ ಹೊಡದ ಬಂದಿ?”

“ಹೊಡೀಲಿಲ್ರೀ ಅತ್ತಿ. ಒಬ್ರನ್ನ ಬಿಡಿಸಿ ಬಂದೆ.”

“ಹಂಗಾರ ಪಗಾರ ಹೆಚ್ಚಿಗಿ ಕೇಳು” ಎಂದರು.

ಮುಂದಿನ ಆಯುಧ ಪೂಜೆಯ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ಇನ್ನು ಯಾರ ಮುಖ ಬೇಕಾದರೂ ನೋಡಬಹುದಿತ್ತು. ಗಿರಿಜಮ್ಮ ಮನೆಗೇ ಬಂದು ಕರೆದಳು, ಹೋದೆ. ಅಂಗಡಿಯ ಮುಂದೆ ಹೊಸ ಗೇಟುಗಳು ಸಾಲಾಗಿ ನಿಂತಿದ್ದವು. ಆ ಮಗಳು ತನ್ನ ಸ್ಕೂಲಿನ ಗೆಳತಿಯರ ಜೊತೆ ಮಂಡಕ್ಕಿ ಹಂಚುತ್ತಿದ್ದಳು. ಮಂಜುನಾಥಾಚಾರಿಯನ್ನು ನಾನು ಸರಿಯಾಗಿ ನೋಡಿದ್ದು ಆವತ್ತೇ. ಸಣಕಲು ಮನುಷ್ಯ, ಮಾತು ಕಡಿಮೆ. ಕಂಕಣ ಕೋರ್ಟಿನ ದಾಖಲೆಯಾಗಿ ಅಲ್ಲಿಯೇ ಉಳಿದಿತ್ತು. ಹಾಗಾಗಿ ಬಂದೂಕು ಪೀಠದ ಮೇಲೆ ಬೋಳಾಗಿ ಮಲಗಿತ್ತು. ಅರಿಶಿನ ಹಚ್ಚಿದ ಹೊಸ ನೂಲು ಪಕ್ಕದ ತಟ್ಟೆಯಲ್ಲಿತ್ತು.

ಅವರು ನನ್ನ ಹತ್ತಿರ ಬಂದು, ಹಿಂಜರಿಯುತ್ತಾ ಕೇಳಿದರು: “ಮೇಡಂ, ಒಳಗಡೆ ಎಂಗಿತ್ತು?”

ನನಗೆ ಅರ್ಥವಾಗಲಿಲ್ಲ.

“ನಮ್ ಮನೇಲಿ ಅದರ ಬಾಯಿ ತೆಗೆಯಂಗಿಲ್ಲ ಮೇಡಂ. ಕಂಕಣ ಕಟ್ಟೋದು, ಕೈಮುಗಿಯೋದು, ಅಷ್ಟೇ. ನಮ್ಮಪ್ಪ ನೋಡಿಲ್ಲ, ತಾತ ನೋಡಿಲ್ಲ. ನಮ್ ಮುತ್ತಾತನ ಅಪ್ಪ ದಂಡಿನಲ್ಲಿ ಗಾಡಿ ರಿಪೇರಿ ಮಾಡ್ತಿದ್ನಂತೆ, ಅಲ್ಲಿ ಯಾವ್ದೋ ನೋಡ್ಕೊಂಡು ಬಂದು ಮಾಡಿದ್ನಂತೆ. ನೀವು ಬಿಚ್ಚಿ ನೋಡಿದೀರಿ. ಕೆಲಸ ಸಂದಾಗಿತ್ತಾ?”

ವರ್ಷಾನುಗಟ್ಟಲೆ ಬಂದೂಕು ನೋಡಿದವಳು ನಾನು. ಹಾರುತ್ತದೆಯೇ ಎಂದು ಕೇಳಿದವರುಂಟು, ಬೆಲೆ ಎಷ್ಟು ಎಂದು ಕೇಳಿದವರುಂಟು. ಕೆಲಸ ಚೆನ್ನಾಗಿದೆಯೇ ಎಂದು ಯಾರೂ ಕೇಳಿರಲಿಲ್ಲ. “ನೂಲು ಕಟ್ಟೋ ಮುಂಚೆ ನೀವೇ ಒಂದ್ಸಲ ತೆಗೆದು ನೋಡಿಬಿಡಿ” ಎಂದೆ.

“ಬ್ಯಾಡ ಮೇಡಂ. ಅವರ್ಯಾರೂ ನೋಡ್ಲಿಲ್ಲ, ನಾನ್ಯಾಕೆ? ನೀವೇ ಒಸಿ ಯೋಳಿ.”

ಹೇಳಿದೆ. ಮುಚ್ಚಳ ಎಷ್ಟು ನುಣ್ಣಗೆ ಮೇಲೇಳುತ್ತದೆ, ಕೀಲಿನ ಮೊಳೆಯನ್ನು ಅರದಿಂದ ಉಜ್ಜಿದ ಗೆರೆಗಳು ಈಗಲೂ ಹೇಗೆ ಎಣಿಸುವ ಹಾಗಿವೆ, ಮುಚ್ಚಿದರೆ ಕೂದಲೂ ತೂರದ ಸಂದು. ಎಡಕ್ಕೆ ತೆರೆಯುತ್ತದೆ ಎಂದೂ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಕೇಳುತ್ತಾ ಕೇಳುತ್ತಾ ಕೈ ತನ್ನಷ್ಟಕ್ಕೆ ಮೇಲೆದ್ದು, ಗಾಳಿಯಲ್ಲಿ ಹೆಬ್ಬೆರಳಿನಿಂದ ಆ ಮುಚ್ಚಳವನ್ನು ಸರಾಗವಾಗಿ ಎಡಕ್ಕೆ ಎತ್ತಿತು. ಆಮೇಲೆ ಕಣ್ಣು ಬಿಟ್ಟು, ತಟ್ಟೆಯಿಂದ ನೂಲು ತೆಗೆದುಕೊಂಡು, ಬಂದೂಕಿಗೆ ಸುತ್ತಿ ಕಟ್ಟತೊಡಗಿದರು. ಅದೇ ಕೈಯಲ್ಲಿ.

“ಪೂಜೆ ಒತ್ನಾಗೆ ಎಡಗೈ ಬ್ಯಾಡ ಅಂತ ಎಷ್ಟು ಕಿತ ಯೋಳೋದು ಇವರಿಗೆ!” ಗಿರಿಜಮ್ಮ ರೇಗಿದಳು. “ನೋಡಿ ಮೇಡಂ, ಮದುವೇಲಿ ತಾಳಿ ಕಟ್ಟುವಾಗ್ಲೂ ಇದೇ ರಗಳೆ.”

“ಏನ್ಮಾಡ್ಲಿ? ನಮ್ಮಪ್ಪಂದೂ ಇದೇ ಕೈಯಿ, ತಾತಂದೂ ಇದೇ ಕೈಯಿ” ಎಂದರು ಮಂಜುನಾಥಾಚಾರಿ, ತಲೆಯೆತ್ತದೆ.

ಕೋರ್ಟಿನಲ್ಲಿ ವಕೀಲರು ಕೇಳಿದ್ದು ನೆನಪಾಗಿ ನಕ್ಕುಬಿಟ್ಟೆ.

“ಬಿಡಿ ಗಿರಿಜಮ್ಮ” ಎಂದೆ. “ಆ ಬಂದೂಕಿಗೆ ಎಡಗೈಯೇ ಸರಿ.”